ಗುಳಿ ತುಂಬುವ ತನಕ

ಸರ್ ಪ್ಯಾಂಟಿನ ಕಾಲನ್ನು ಮೊಣಕಾಲಿನವರೆಗೆ ಮಡಚಿ, ಪಾದವನ್ನು ಕುರ್ಚಿಯ ಮೇಲಿಟ್ಟು, ಕಣಕಾಲಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. ಬೆರಳು ತೆಗೆದಾಗ ಅಲ್ಲಿ ಒಂದು ಗುಳಿ ಬಿದ್ದಿತ್ತು, ಕಲಸಿಟ್ಟ ಜೋಳದ ಹಿಟ್ಟಿಗೆ ಬೆರಳು ಒತ್ತಿದಂತೆ. ನಾವು ನೋಡುತ್ತ ಕುಳಿತೆವು. ಗುಳಿ ಹಾಗೇ ಇತ್ತು. ಸರ್ ಗಡಿಯಾರ ನೋಡಲಿಲ್ಲ. ಅದು ತುಂಬಿ ಚರ್ಮ ಸಮನಾಗುವವರೆಗೆ ತರಗತಿಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಕೊಪ್ಪಳದ ಕಾಲೇಜಿನಲ್ಲಿ ನಮ್ಮ ಮೊದಲ ಪಾಠ ಅದು.

"ಬಾವು ಬಂದೈತೇನ್ರಿ ಸರ್?" ಎಂದು ಹಿಂದಿನ ಬೆಂಚಿನಿಂದ ಹನುಮೇಶ ಕೇಳಿದ.

"ಬಾವಲ್ಲ ತಮ್ಮ. ಇದು ಐವತ್ತೈದು ಕೆಜಿ," ಎಂದರು ಸರ್.

ಹುಡುಗರೆಲ್ಲ ನಕ್ಕರು. ನಮ್ಮ ಕಡೆಯ ಗಂಡುಮಕ್ಕಳಿಗೆ ಐವತ್ತೈದು ಕೆಜಿ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಮ್ಮ ಊರುಗಳಲ್ಲಿ ಕಬಡ್ಡಿ ಪಂದ್ಯ ಎಂದರೆ ಬಹುಮಟ್ಟಿಗೆ ತೂಕದ ಪಂದ್ಯ. ಬೆಳಿಗ್ಗೆ ತಕ್ಕಡಿಯ ಮೇಲೆ ನಿಲ್ಲಬೇಕು, ಐವತ್ತೈದರೊಳಗೆ ಇದ್ದರೆ ಆಡಬಹುದು, ಒಂದು ಹಿಡಿಯಷ್ಟು ಹೆಚ್ಚಾದರೂ ಮನೆಗೆ. ಸಣ್ಣ ಊರಿನ ಬಡಕಲು ಹುಡುಗರಿಗೂ ಅವಕಾಶ ಸಿಗಲಿ ಎಂದು ಯಾರೋ ಪುಣ್ಯಾತ್ಮರು ಮಾಡಿದ ನಿಯಮ. ಆದರೆ ಅರವತ್ತು ದಾಟಿದ ಗಟ್ಟಿ ಆಳುಗಳೂ ಅದರೊಳಗೆ ತೂರಿಕೊಳ್ಳಲು ನೋಡುತ್ತಾರೆ. ಅನ್ನ ಬಿಡುತ್ತಾರೆ, ನೀರು ಬಿಡುತ್ತಾರೆ, ಉರಿಬಿಸಿಲಲ್ಲಿ ರೇನ್‌ಕೋಟು ಹಾಕಿಕೊಂಡು ಓಡುತ್ತಾರೆ. ತಕ್ಕಡಿ ಇಳಿದ ಮೇಲೆ ಗಟಗಟ ನೀರು ಕುಡಿದು ಅಂಗಳಕ್ಕೆ ಇಳಿಯುತ್ತಾರೆ.

ಯಲಬುರ್ಗಾ ಕಡೆಯ ಸರ್ ತಮ್ಮ ಹರೆಯವನ್ನೆಲ್ಲ ಹೀಗೆಯೇ ಕಳೆದವರು. ಭಾನುವಾರ ಒಂದೂರು, ಮುಂದಿನ ಭಾನುವಾರ ಮತ್ತೊಂದೂರು. ಮೈಯಲ್ಲಿ ನೀರಿಲ್ಲದಿರುವಾಗಲೇ ಮೊಣಕಾಲ ನೋವಿಗೆ ಮಾತ್ರೆ, ಸೂಜಿ. ನೋವು ನಿಂತಿತು, ಆಟವೂ ನಡೆಯಿತು. ಒಳಗೆ ಕಿಡ್ನಿ ಸದ್ದಿಲ್ಲದೆ ಒಣಗುತ್ತಿತ್ತು. ಅದು ಗೊತ್ತಾಗುವ ಹೊತ್ತಿಗೆ ಅವರು ಓದಿ, ಡಿಗ್ರಿಯ ಮೇಲೆ ಡಿಗ್ರಿ ಮಾಡಿ, ನಮ್ಮ ಕಾಲೇಜಿಗೆ ಅತಿಥಿ ಉಪನ್ಯಾಸಕರಾಗಿ ಬಂದಿದ್ದರು. "ನನಗ ಆಗ ಯಾರೂ ಬ್ಯಾಡ ಅನಲಿಲ್ಲ. ಎಲ್ಲಾರೂ ಚಪ್ಪಾಳಿ ಹೊಡದ್ರು," ಎಂದು ಅವರು ಪ್ಯಾಂಟಿನ ಮಡಿಕೆ ಇಳಿಸುತ್ತ ಹೇಳಿದರು. ಆಗ ಯಾರೂ ನಗಲಿಲ್ಲ.

ಕೋರ್ಸಿನ ಹೆಸರು ಅನ್ವಯಿಕ ಕ್ರೀಡಾ ವಿಜ್ಞಾನ. ಅಳವಂಡಿಯ ನಮ್ಮ ಮನೆಯಲ್ಲಿ ಆ ಹೆಸರನ್ನು ಪೂರ್ತಿ ಉಚ್ಚರಿಸಿದವರು ಯಾರೂ ಇಲ್ಲ. "ಓಡಾಕ ಡಿಗ್ರಿ ಯಾಕಬೇಕವಾ, ಬೆನ್ನ ಹಿಂದ ಒಂದು ನಾಯಿ ಬಿಟ್ರ ಸಾಕಲ್ಲ," ಎಂದು ಅಪ್ಪ ಚೇಷ್ಟೆ ಮಾಡಿದ್ದ. ಬೀಜದ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸಿ ಪರಾಗ ಕೂಡಿಸುವ ಕೂಲಿಗೆ ಹೋಗುತ್ತಿದ್ದ ಅವ್ವ ಮಾತ್ರ, "ಕುಂತು ಮಾಡೋ ನೌಕರಿ ಐತಂತ?" ಎಂದು ಕೇಳಿದಳು. ಅಲ್ಲ, ನಿಂತು ಮಾಡುವುದು ಎಂದೆ. ಅವಳ ಮುಖ ಸಪ್ಪಗಾಯಿತು.

ಪಠ್ಯಕ್ರಮದಲ್ಲಿ ಹೆಸರಿದ್ದ ಯಂತ್ರಗಳನ್ನು ನಾವು ಚಿತ್ರದಲ್ಲಷ್ಟೇ ನೋಡಿದ್ದು. ನಮ್ಮ ಪ್ರಯೋಗಾಲಯ ಎಂದರೆ ಒಂದು ತೂಕದ ಯಂತ್ರ, ಅಳತೆಯ ಟೇಪು, ಸ್ಟಾಪ್‌ವಾಚು, ಥರ್ಮಾಮೀಟರು. ಸರ್ ಅದಕ್ಕೆ ಕೊರಗಲಿಲ್ಲ, ನಮ್ಮನ್ನೂ ಕೊರಗಲು ಬಿಡಲಿಲ್ಲ. "ಮಿಷನ್ನು ನಾಳೆ ಬರ್ತಾವ. ಬೆರಳು ಇವತ್ತ ನಿಮ್ಮ ಹಂತ್ಯಾಕ ಅದಾವ. ನಾಡಿ ಹಿಡೀರಿ," ಎನ್ನುತ್ತಿದ್ದರು. ಓಡುವ ಮೊದಲು ತೂಕ, ಓಡಿದ ಮೇಲೆ ತೂಕ. ಬೆವರಿನಲ್ಲಿ ಹೋದದ್ದೆಷ್ಟು, ಕುಡಿಯಬೇಕಾದದ್ದೆಷ್ಟು. ಮೂತ್ರದ ಬಣ್ಣದ ಬಗ್ಗೆ ಅವರು ಸಾರಿನ ಬಣ್ಣದ ಬಗ್ಗೆ ಮಾತಾಡಿದಷ್ಟು ಸಲೀಸಾಗಿ ಮಾತಾಡುತ್ತಿದ್ದರು. ನಾವು ಹುಡುಗಿಯರು ಮೊದಮೊದಲು ತಲೆ ತಗ್ಗಿಸುತ್ತಿದ್ದೆವು. ಆಮೇಲೆ ರೂಢಿಯಾಯಿತು.

ಅವರ ನಿಜವಾದ ಪಾಠ ಮಾತ್ರ ಶನಿವಾರ, ಬಯಲಿನಲ್ಲಿ. ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಹೆಗಲಿಗೆ ಟವಲು ಹೊದ್ದು, ಕಾಲಮೇಲೆ ಕಾಲು ಹಾಕಿ ಕೂರುತ್ತಿದ್ದರು. ಆ ಕುರ್ಚಿಯಲ್ಲಿ ಅವರು ತಂಡಕ್ಕೆ ದುಡ್ಡು ಹಾಕಿದ ಸಾಹುಕಾರ. ನಮ್ಮಲ್ಲೊಬ್ಬ ಸುಸ್ತಾಗಿ ಬಿದ್ದ ಆಟಗಾರ. ಇನ್ನೊಬ್ಬರು ಕ್ರೀಡಾ ವಿಜ್ಞಾನಿ. ಆ ವಿಜ್ಞಾನಿ ಸಾಹುಕಾರನ ಎದುರು ಬಂದು ನಿಂತು ಆಟ ನಿಲ್ಲಿಸಬೇಕು. ಅಷ್ಟೇ ಪರೀಕ್ಷೆ.

ಹನುಮೇಶ ಮೊದಲು ಹೋದ. ಕೈ ಕಟ್ಟಿಕೊಂಡು, "ಸಾಹುಕಾರ್ರ, ನಿಮ್ಮ ಮನಸ್ಸಿಗೆ ಬಂದ್ರ ಹುಡುಗಗ ಸ್ವಲ್ಪ ವಿಶ್ರಾಂತಿ ಕೊಡಬಹುದಿತ್ತೇನೋ..." ಎಂದ.

"ನನ್ನ ಮನಸ್ಸಿಗೆ ಬಂದಿಲ್ಲ. ಹುಡುಗ ಸತ್ತ. ಮುಂದಿನವರು ಬರ್ರಿ," ಎಂದರು ಸರ್.

ಒಬ್ಬೊಬ್ಬರಾಗಿ ಹೋದೆವು. ಒಬ್ಬ ನಕ್ಕುಬಿಟ್ಟ, ಹುಡುಗ ಸತ್ತ. ಇನ್ನೊಬ್ಬಳು ಪುಸ್ತಕದ ಮಾತು ಹೇಳತೊಡಗಿದಳು, ಅದು ಮುಗಿಯುವಷ್ಟರಲ್ಲಿ ಹುಡುಗ ಸತ್ತ. ನನ್ನ ಸರದಿ ಬಂದಾಗ ನಾನು ನನ್ನ ಚಪ್ಪಲಿ ನೋಡುತ್ತ, "ಆಟ ನಿಲ್ಲಸ್ರಿ," ಎಂದೆ. ಬಾಯಿಂದ ಬಂತಲ್ಲ ಎಂದು ನನಗೇ ಖುಷಿ.

"ನೆಲಕ್ಕ ಹೇಳಿದಿ ಶರಣಮ್ಮ. ನೆಲ ಆಡಾಕ ಹತ್ತಿಲ್ಲ. ಹುಡುಗ ಸತ್ತ," ಎಂದರು.

ನನಗೆ ಸಿಟ್ಟು ಬಂತು. ಇದೇನು ಓದೋ ನಾಟಕವೋ ಎಂದು ಬಸ್ಸಿನಲ್ಲಿ ಗೆಳತಿಯ ಮುಂದೆ ಗೊಣಗಿದೆ. ಆದರೆ ನಿಜ ಹೇಳಬೇಕೆಂದರೆ ನಮ್ಮ ರೋಗ ಅವರಿಗೆ ಸರಿಯಾಗಿಯೇ ಗೊತ್ತಿತ್ತು. ನಮ್ಮ ಮನೆಗಳಲ್ಲಿ ಕುರ್ಚಿಯ ಮೇಲೆ ಕುಳಿತವರ ಎದುರು ನಿಂತವರು ಮಾತು ಬೆಳೆಸುವುದಿಲ್ಲ. ಹೊಲದ ಧಣಿ ಇರಲಿ, ಪಂಚಾಯಿತಿ ಸದಸ್ಯ ಇರಲಿ, ಮಾವ ಇರಲಿ, ನಿಂತವರು ಹೂಂ ಎಂದು ಹೊರಗೆ ಬಂದು ಬೈದುಕೊಳ್ಳುತ್ತೇವೆ. ಹೊರಗೆ ಬಂದು ಬೈಯುವುದರಲ್ಲಿ ನಾವು ಭಾರೀ ಶೂರರು.

"ನೌಕರಿ ಅಂದ್ರ ಏನು ತಿಳದೀರಿ?" ಎಂದು ಅವರು ಒಂದು ಶನಿವಾರ ಕೇಳಿದರು. "ಕ್ರೀಡಾ ಹಾಸ್ಟೆಲ್ಲಿಗೆ ಹೋಗ್ರಿ, ಪೊಲೀಸ್ ಟ್ರೇನಿಂಗಿಗೆ ಹೋಗ್ರಿ, ದೊಡ್ಡ ತಂಡಕ್ಕ ಹೋಗ್ರಿ. ಎಲ್ಲಾ ಕಡಿ ಕುರ್ಚಿ ಮ್ಯಾಲ ಒಬ್ಬಾಂವ ಕುಂತಿರ್ತಾನ. ಅವಗ ಗೆಲುವು ಬೇಕು. ಆಟಗಾರಗೂ ಗೆಲುವು ಬೇಕು. ಮಂದಿಗೂ ಬೇಕು. ಎಲ್ಲಾರೂ ಹೂಂ ಅನ್ನೂವಾಗ ಉಹೂಂ ಅನ್ನಾಕ ಒಬ್ಬರಿಗೆ ಪಗಾರ ಕೊಡ್ತಾರ. ಆ ಒಬ್ಬರು ನೀವು."

ಇನ್ನೊಂದು ಮಾತನ್ನು ಅವರು ಪದೇ ಪದೇ ಹೇಳುತ್ತಿದ್ದರು. ಬಿಸಿಲಲ್ಲಿ ಆಟಗಾರನ ಮೈ ಒಳಗಿನಿಂದ ಕಾದು ಬುದ್ಧಿ ತಪ್ಪುವಾಗ ಅವನು ಏನಾದರೊಂದು ಹುಚ್ಚಾಟ ಮಾಡುತ್ತಾನೆ, ನೋಡುವವರಿಗೆ ಅದು ತಮಾಷೆಯಾಗಿ ಕಾಣುತ್ತದೆ. "ಆಟಗಾರನ್ನ ನೋಡಿ ಮಂದಿ ನಗತಾರಲ್ಲ, ಆವಾಗ ನೀವು ಎದ್ದು ನಿಲ್ರಿ. ನಗಬ್ಯಾಡ್ರಿ. ಮೊದಲ ತಣ್ಣಗ ಮಾಡ್ರಿ, ಆಮ್ಯಾಲ ಗಾಡಿ ಕರೀರಿ." ಇದನ್ನು ಹೇಳುವಾಗ ಅವರ ದನಿ ಕೆಳಗಿಳಿಯುತ್ತಿತ್ತು, ಯಾರದೋ ಹೆಸರು ನೆನಪಾದವರ ಹಾಗೆ. ಯಾರೆಂದು ಅವರು ಹೇಳಲಿಲ್ಲ, ಕೇಳುವ ಧೈರ್ಯ ನಮಗಾಗಲಿಲ್ಲ.

ನಾವು ಮುಂದಿನ ವರ್ಷಕ್ಕೆ ಹೋಗುವಷ್ಟರಲ್ಲಿ ಸರ್ ಶೂ ಬಿಟ್ಟು ಚಪ್ಪಲಿಗೆ ಬಂದಿದ್ದರು. ಆಮೇಲೆ ಚಪ್ಪಲಿಯ ಪಟ್ಟಿಯನ್ನೂ ಕತ್ತರಿಸಿ ಸಡಿಲ ಮಾಡಿಕೊಂಡರು. ಬೆಳಗಿನ ತರಗತಿಯಲ್ಲಿ ಮುಖ ಊದಿ ಕಣ್ಣು ಸಣ್ಣಗಾಗಿರುತ್ತಿತ್ತು. ಜಿಲ್ಲಾಸ್ಪತ್ರೆಯಲ್ಲಿ ಡಯಾಲಿಸಿಸ್ ಇರುವ ದಿನಗಳಲ್ಲಿ ತರಗತಿ ಇರುತ್ತಿರಲಿಲ್ಲ. ಮರುದಿನ ಬರುವಾಗ ಎಡಗೈಗೆ ಪಟ್ಟಿ ಸುತ್ತಿರುತ್ತಿತ್ತು, ಮಾತು ಸಣ್ಣಗೆ ಬರುತ್ತಿತ್ತು.

ಎಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಅವರ ನೀರಿನ ಲೋಟ. ಮಕ್ಕಳಿಗೆ ಔಷಧಿ ಕುಡಿಸುವಂಥ ಸಣ್ಣ ಸ್ಟೀಲಿನ ಲೋಟ. ಕುಡಿದದ್ದು ಹೊರಹೋಗದೆ ಮೈಯಲ್ಲೇ ನಿಲ್ಲುತ್ತಿದ್ದರಿಂದ ಇಡೀ ದಿನಕ್ಕೆ ಅದರಲ್ಲಿ ಇಂತಿಷ್ಟೇ ಎಂದು ಡಾಕ್ಟರು ಕಟ್ಟುಮಾಡಿದ್ದರು. ಕೊಪ್ಪಳದ ಏಪ್ರಿಲ್ ಬಿಸಿಲಲ್ಲಿ ನಿಂತು ನಮಗೆಲ್ಲ "ನೀರು ಕುಡೀರಿ, ನೀರು ಕುಡೀರಿ" ಎಂದು ಕೂಗುವ ಮನುಷ್ಯ, ತಾನು ಆ ಲೋಟದಿಂದ ತುಟಿ ಒದ್ದೆ ಮಾಡಿಕೊಂಡು ಮುಚ್ಚಿಡುತ್ತಿದ್ದರು. ಒಮ್ಮೊಮ್ಮೆ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದರು. ನಾವು ಬಾಟಲಿ ಎತ್ತಿ ಕುಡಿಯುವಾಗ ಅವರ ಕಣ್ಣು ನಮ್ಮ ಗಂಟಲಿನ ಮೇಲೆ ಇರುತ್ತಿತ್ತು. ಅವರು ಅತ್ತ ತಿರುಗಿದಾಗಲೇ ಕುಡಿಯುವುದು ನಮ್ಮೆಲ್ಲರ ರೂಢಿಯಾಯಿತು.

ಪ್ರತಿ ಸೆಮಿಸ್ಟರಿನ ಮೊದಲ ದಿನ ಅವರು ಪ್ಯಾಂಟು ಮಡಚಿ ಗುಳಿ ತೋರಿಸುವುದನ್ನು ತಪ್ಪಿಸಲಿಲ್ಲ. ಪ್ರತಿ ಸಲವೂ ಅದು ಹಿಂದಿನದಕ್ಕಿಂತ ಆಳ, ತುಂಬಲು ಹಿಂದಿನದಕ್ಕಿಂತ ತಡ. "ನಾ ಇರೂದ್ರಾಗ ನಿಮ್ಮೊಳಗ ಒಬ್ಬರಾದ್ರೂ ನಿಲ್ಲಸ್ರಿ ಅನ್ನೋದು ಕಲೀರಪಾ," ಎಂದು ನಗುತ್ತ ಹೇಳಿದರು. ಅದು ನಗುವ ಮಾತಲ್ಲ ಎಂದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಿತ್ತು.

ಕೊನೆಯ ವರ್ಷದ ಪ್ರಾಯೋಗಿಕ ತರಬೇತಿಗೆ ನನ್ನನ್ನು ಗಂಗಾವತಿ ಹತ್ತಿರದ ಒಂದು ಕಬಡ್ಡಿ ತಂಡಕ್ಕೆ ಹಾಕಿದರು. ಅಕ್ಕಿ ಮಿಲ್ಲಿನ ಸಾಹುಕಾರರೊಬ್ಬರು ನಡೆಸುತ್ತಿದ್ದ ತಂಡ. ಒಳ್ಳೆಯ ಮನುಷ್ಯರೇ. ಹುಡುಗರಿಗೆ ಹೊಟ್ಟೆ ತುಂಬ ಊಟ ಹಾಕಿಸುತ್ತಿದ್ದರು, ನನ್ನನ್ನು "ಸೈನ್ಸ್ ಮೇಡಂ" ಎಂದು ಚೇಷ್ಟೆ ಮಾಡುತ್ತಿದ್ದರು. ಆ ತಂಡದ ಮುಖ್ಯ ರೈಡರ್ ನಮ್ಮ ಹನುಮೇಶ. ಕುಷ್ಟಗಿಯ ಹುಡುಗ, ಎದುರಾಳಿ ಅಂಗಳಕ್ಕೆ ನುಗ್ಗಿದರೆ ಬರಿಗೈಲಿ ಬಂದವನಲ್ಲ. ಸರ್ ಕಾಲಿನ ಗುಳಿಯನ್ನು ನನ್ನಷ್ಟೇ ಸಲ ನೋಡಿದವನು, ಪರೀಕ್ಷೆಯಲ್ಲಿ ನೀರಿನಂಶದ ಪ್ರಶ್ನೆಗೆ ನನಗಿಂತ ಚೆನ್ನಾಗಿ ಬರೆದವನು.

ಪಂದ್ಯದ ದಿನ ಬೆಳಿಗ್ಗೆ ಅವನು ತಕ್ಕಡಿ ಹತ್ತಿ ಐವತ್ತೈದರೊಳಗೆ ತೂಗಿದ. ಆ ವಾರದ ಮೊದಲಿಗೆ ನಾನೇ ತೂಗಿದ್ದೆ, ಆಗ ಹಾಗಿರಲಿಲ್ಲ. ಹತ್ತಿರ ಹೋದೆ. ಅವನ ಮೈಯಿಂದ ಬೆಂದ ಭತ್ತದ ವಾಸನೆ ಬಂತು.

ಗಂಗಾವತಿಯ ಭತ್ತದ ಸೀಮೆಯಲ್ಲಿ ಆಡುವ ಹುಡುಗರಿಗಷ್ಟೇ ಹೊಳೆಯುವ ದಾರಿ ಅದು. ಮಿಲ್ಲಿನಲ್ಲಿ ಭತ್ತಕ್ಕೆ ಹಬೆ ಕೊಟ್ಟು ಹೊರಗೆ ಸುರಿಯುತ್ತಾರೆ. ಆ ಬಿಸಿ ರಾಶಿಯ ಪಕ್ಕ ರೇನ್‌ಕೋಟು ತೊಟ್ಟು ಕೂತರೆ ಮೈಯ ನೀರೆಲ್ಲ ಬಸಿದು ಹೋಗುತ್ತದೆ. ಓಡಬೇಕಿಲ್ಲ, ದಣಿಯಬೇಕಿಲ್ಲ. ಸುಮ್ಮನೆ ಕೂತಿದ್ದರಾಯಿತು.

"ಮಿಲ್ಲಿನ್ಯಾಗ ಕುಂತಿದ್ದೇನಲೇ?" ಎಂದೆ.

"ಇದೊಂದ ಪಂದ್ಯ ಬೇ. ಹೊರಗಿನ ತಂಡದವರು ನೋಡಾಕ ಬಂದಾರ. ಛಲೋ ಆಡಿದ್ರ ಕರಕೊಂಡು ಹೋಕ್ಕಾರ. ಆಮ್ಯಾಲ ಜನ್ಮದಾಗ ತಕ್ಕಡಿ ಹತ್ತಂಗಿಲ್ಲ."

ನೀರು ಕುಡಿಸಿದೆ. ಕುಡಿದದ್ದು ನಿಲ್ಲಲಿಲ್ಲ, ಗೋಡೆಯ ಮರೆಗೆ ಹೋಗಿ ವಾಂತಿ ಮಾಡಿಕೊಂಡ. ಮ್ಯಾನೇಜರಿಗೆ ಹೇಳಿದರೆ, "ಮುಂಜಾನೆ ಮುಂಜಾನೆ ಛಲೋ ಮಾತಾಡವಾ," ಎಂದು ಕೈಮುಗಿದು ಹೋದ. ಸರ್‌ಗೆ ಫೋನು ಮಾಡಿದೆ. ಅವರು ಆಗ ಕೊಪ್ಪಳದ ಆಸ್ಪತ್ರೆಯಲ್ಲಿ, ಡಯಾಲಿಸಿಸ್ ಹಾಸಿಗೆಯ ಮೇಲೆ. ಫೋನಿನಲ್ಲಿ ಯಂತ್ರದ ಸದ್ದು ಕೇಳುತ್ತಿತ್ತು. "ಅವನ ಬೆನ್ನು ಬಿಡಬ್ಯಾಡ. ಸೂಜಿ ತಗದ ಮ್ಯಾಲ ಬರ್ತೀನಿ," ಎಂದರು.

ಮಧ್ಯಾಹ್ನದ ಹೊತ್ತಿಗೆ ಬಯಲಿನ ತುಂಬ ಜನ. ಮೇಲೆ ಒಂದು ಮೋಡವಿಲ್ಲ. ಮೊದಲ ಎರಡು ಆಟ ಗೆದ್ದು ತಂಡ ಫೈನಲಿಗೆ ಬಂತು. ನಡುವೆ ಸಿಕ್ಕಿದಾಗಲೆಲ್ಲ ನಾನು ಹನುಮೇಶನ ನಾಡಿ ಹಿಡಿದೆ, ಥರ್ಮಾಮೀಟರು ತೆಗೆದರೆ ಕೈ ತಳ್ಳಿದ. ಸಂಜೆಯ ಬಿಸಿಲು ಇನ್ನೂ ಇಳಿದಿರಲಿಲ್ಲ. ಫೈನಲಿನ ಮೊದಲರ್ಧದಲ್ಲಿ ಅವನ ದನಿ ಒಡೆಯಿತು, 'ಕಬಡ್ಡಿ' ಎಂಬ ಮಾತು ಬಾಯಲ್ಲೇ ತೊದಲುತ್ತಿತ್ತು. ಆದರೂ ಅಂಕ ತಂದ. ಮಂದಿ ಕುಣಿದರು. ಒಂದು ರೈಡಿನಲ್ಲಿ ಎದುರಾಳಿಗಳು ಅವನನ್ನು ಹಿಡಿದರು. ಔಟಾದವನು ಎದ್ದು, ಮಣ್ಣು ಕೊಡವಿಕೊಂಡು, ಗಂಭೀರವಾಗಿ ನಡೆದು ಹೋಗಿ ಎದುರಾಳಿ ತಂಡದ ಬೆಂಚಿನ ಮೇಲೆ ಅವರ ನಡುವೆ ಕುಳಿತ.

ಇಡೀ ಬಯಲು ಗೊಳ್ಳೆಂದು ನಕ್ಕಿತು. ಮೈಕಿನವನು, "ನಮ್ಮ ಹುಲಿ ಬೀಗರ ಮನಿಗೆ ಹೋಗೈತಿ ನೋಡ್ರಿ," ಎಂದ. ನಗು ಇನ್ನೂ ಜೋರಾಯಿತು. ನಾನು ಎದ್ದು ನಿಂತೆ.

ಪೆಂಡಾಲಿನ ಕೆಳಗೆ ಸಾಹುಕಾರರು ಸೋಫಾದ ಮೇಲೆ ಕುಳಿತಿದ್ದರು. ಅವರ ಎದುರು ಹೋಗಿ ನಿಂತೆ. ಅವರ ಕಣ್ಣು ನೋಡಿದೆ.

"ಆಟ ನಿಲ್ಲಸ್ರಿ."

"ಏನಂದಿ ತಂಗಿ?"

"ಆಟ ನಿಲ್ಲಸ್ರಿ. ಹನುಮೇಶಗ ಮೈ ಕಾದು ಬುದ್ಧಿ ತಪ್ಪೇತಿ. ಇನ್ನೊಂದ ಸಲ ಇಳದ್ರ ಅವ ಏಳಂಗಿಲ್ಲ."

"ಏ, ಮಂದಿನ ನಗಸಾಕ ಹಂಗ ಮಾಡ್ಯಾನ. ಫೈನಲ್ ಐತಿ, ಇದೊಂದ ಮುಗೀಲಿ. ಆಮ್ಯಾಲ ನೀ ಹೇಳಿದಂಗ ಮಾಡೋಣಂತ."

"ಆಮ್ಯಾಲ ಇಲ್ರಿ," ಎಂದೆ. ಅವರು ನನ್ನ ಪಕ್ಕದಿಂದ ಇಣುಕಿ ಆಟ ನೋಡತೊಡಗಿದರು.

ಆಗ ಜನರ ಆಚೆ ಸರ್ ಕಂಡರು. ಗುಂಪಿನ ಅಂಚಿನಲ್ಲಿ, ಯಾರದೋ ಬೈಕಿಗೆ ಕೈಯೂರಿ ನಿಂತಿದ್ದರು. ಎಡಗೈಯ ಪಟ್ಟಿ ಹಾಗೇ ಇತ್ತು. ಒಳಗೆ ನುಗ್ಗಿ ಬರಲು ಆ ಕಾಲುಗಳಿಗೆ ಸಾಧ್ಯವಿರಲಿಲ್ಲ. ಅವರು ಬಾಯಿಗೆ ಕೈ ಅಡ್ಡ ಹಿಡಿದು ಕೂಗುತ್ತಿದ್ದರು, ತುಟಿ ಆಡುತ್ತಿತ್ತು, ಆ ಗದ್ದಲದಲ್ಲಿ ದನಿ ಯಾರಿಗೂ ಮುಟ್ಟುತ್ತಿರಲಿಲ್ಲ. ಅವರು ಏನೆನ್ನುತ್ತಿದ್ದರೋ ಗೊತ್ತಿಲ್ಲ. ನನಗೆ ಕೇಳಿಸಿದ್ದು ಶನಿವಾರದ ಮಾತೇ. ಹುಡುಗ ಸತ್ತ.

ಅತ್ತ ತಂಡಕ್ಕೆ ಒಂದು ಅಂಕ ಸಿಕ್ಕಿ, ಔಟಾಗಿದ್ದ ಹನುಮೇಶ ಮತ್ತೆ ಅಂಗಳಕ್ಕೆ ಬಂದಿದ್ದ. ನಾನು ಚಪ್ಪಲಿ ಬಿಟ್ಟು, ಅಂಗಳಕ್ಕೆ ಇಳಿದು, ನಡುಗೆರೆಯ ಮೇಲೆ ಕುಳಿತುಬಿಟ್ಟೆ.

ಸೀಟಿ, ಬೈಗುಳ, ನಗು ಎಲ್ಲ ಒಟ್ಟಿಗೆ ಬಂದವು. ರೆಫರಿ ಏಳು ಎಂದ, ಮ್ಯಾನೇಜರ್ ಏಳು ಎಂದ. ಎಂತೆಂಥ ಆಳುಗಳನ್ನು ಕಾಲು ಹಿಡಿದು ಎಳೆಯುವ ಹದಿನಾಲ್ಕು ಜನ ಗಟ್ಟಿಗರು ಸುತ್ತ ನಿಂತಿದ್ದರು, ಪರ ಊರಿನ ಹೆಣ್ಣುಮಗಳ ಮೈ ಮುಟ್ಟಿ ಎಬ್ಬಿಸುವ ಧೈರ್ಯ ಒಬ್ಬನಿಗೂ ಇರಲಿಲ್ಲ. ಅವರ ಮರ್ಯಾದೆ ಆ ದಿನ ನನ್ನ ಕೆಲಸಕ್ಕೆ ಬಂತು. ಅವರು ಹಾಗೆ ಕೈ ಹಿಸುಕಿಕೊಳ್ಳುತ್ತಿರುವಾಗಲೇ ಹನುಮೇಶ ನನ್ನ ಕಡೆ ತಿರುಗಿ, "ಅವ್ವಾ, ಬಸ್ ಬಂತೇನು?" ಎಂದು ಕೇಳಿ, ನಿಂತಲ್ಲೇ ಕುಸಿದ.

ನಗು ನಿಂತಿತು. ಆಮೇಲೆ ನನಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. "ತಾಡಪಾಲ ತರ್ರಿ! ಐಸ್ ತರ್ರಿ!" ಎಂದು ಕಿರುಚಿದೆ. ಭತ್ತ ಮುಚ್ಚುವ ತಾಡಪಾಲ ಮಿಲ್ಲಿನ ಲಾರಿಯಲ್ಲಿತ್ತು. ಅದರ ನಡುವೆ ಅವನನ್ನು ಮಲಗಿಸಿ, ಅಂಚುಗಳನ್ನು ಎತ್ತಿ ಹಿಡಿದು, ಟ್ಯಾಂಕರಿನ ನೀರು ಬಿಟ್ಟರು. ಕಬ್ಬಿನ ಹಾಲಿನ ಗಾಡಿಯವನು, ಸೋಡಾದವನು ತಮ್ಮ ಐಸಿನ ಗಡ್ಡೆಗಳನ್ನೆಲ್ಲ ತಂದು ಸುರಿದರು. ಒಂದು ಮೂಲೆಯನ್ನು ಸಾಹುಕಾರರೇ ಹಿಡಿದಿದ್ದರು, ಅವರ ಬಿಳಿ ಅಂಗಿಯೆಲ್ಲ ಕೆಸರಾಗಿತ್ತು, "ಮಗನ, ಕಣ್ಣು ತೆಗಿಯೋ," ಎಂದು ಅಳುತ್ತಿದ್ದರು. ಗಾಡಿಗೆ ಹಾಕೋಣ ಎಂದು ಯಾರೋ ಅವನ ಕಾಲು ಹಿಡಿದಾಗ ನಾನು ಬಿಡಲಿಲ್ಲ. ಅಷ್ಟರಲ್ಲಿ ಜನ ದಾರಿ ಬಿಟ್ಟು ಸರ್ ಬಂದಿದ್ದರು. ಐಸಿನ ನೀರಿಗೆ ಕೈ ಇಳಿಸಿ ನಾಡಿ ಹಿಡಿದು, "ಇನ್ನೂ ಸ್ವಲ್ಪ," ಎಂದರು. ಹನುಮೇಶ ನರಳಿ, ಕಣ್ಣು ತೆರೆದು ನಮ್ಮನ್ನು ಗುರುತಿಸಿದ ಮೇಲೆಯೇ, "ಈಗ ಗಾಡಿ," ಎಂದರು.

ಆಸ್ಪತ್ರೆಯಲ್ಲಿ ಅವನಿಗೆ ಹಾಕಿದ್ದ ಮೂತ್ರದ ಚೀಲದಲ್ಲಿ ಹಾಲಿಲ್ಲದ ಚಹಾದ ಬಣ್ಣ ಕಂಡಿತು, ಕಿಡ್ನಿಗೆ ಪೆಟ್ಟು ಬಿದ್ದ ಗುರುತು. ಬದುಕಿದ್ದಾನೆ, ಆದರೆ ಸರ್ ಹಿಡಿದ ದಾರಿಯನ್ನೇ ಇವನೂ ಹಿಡಿದನೇ? ಸರ್ ದಿನವೂ ಬಂದರು. ಹನುಮೇಶನ ಅವ್ವನಿಗೆ ಸಮಾಧಾನ ಹೇಳಿ, ಹೊದಿಕೆ ಸರಿಸಿ, ಅವನ ಕಣಕಾಲಿನ ಮೇಲೆ ತಮ್ಮ ಹೆಬ್ಬೆರಳು ಒತ್ತಿ ಹಿಡಿಯುತ್ತಿದ್ದರು. ಮೊದಮೊದಲು ಗುಳಿ ಬಿತ್ತು. ಕೋಣೆಯಲ್ಲಿದ್ದ ನಾವೆಲ್ಲ ಅದನ್ನೇ ನೋಡುತ್ತಿದ್ದೆವು. ದಿನ ಕಳೆದಂತೆ ಚೀಲದ ಬಣ್ಣ ತಿಳಿಯಾಯಿತು. ಒಂದು ಬೆಳಿಗ್ಗೆ ಸರ್ ಬೆರಳು ತೆಗೆದ ಕೂಡಲೇ ಚರ್ಮ ಪುಟಿದು ಸಮನಾಯಿತು. ಗುಳಿ ಬೀಳಲೇ ಇಲ್ಲ.

ಸರ್ ಅತ್ತರು. ನಾಲ್ಕು ಜನರ ಎದುರು, ಕಣ್ಣೊರೆಸಿಕೊಳ್ಳದೆ ಅತ್ತರು. "ನಿಂದು ವಾಪಸ್ ಬಂತಲೇ," ಎಂದು ಅವನ ಕಾಲು ತಟ್ಟಿದರು. ಹೊರಗೆ ವರಾಂಡದಲ್ಲಿ ನನ್ನ ಕಡೆ ತಿರುಗಿ, "ಇವತ್ತ ನಾ ನಿನಗ ನಪಾಸ ಮಾಡಾಕ ಆಗಂಗಿಲ್ಲ ನೋಡು," ಎಂದರು. ನಾನೂ ಅತ್ತೆ. ಅಷ್ಟು ದೊಡ್ಡ ಬಹುಮಾನ ನನಗೆ ಮತ್ತೆ ಸಿಕ್ಕಿಲ್ಲ.

ಹನುಮೇಶ ಈಗ ಗಂಗಾವತಿಯಲ್ಲಿ ಹುಡುಗರಿಗೆ ತರಬೇತಿ ಕೊಡುತ್ತಾನೆ, ತಕ್ಕಡಿಯ ಹತ್ತಿರ ಯಮನಂತೆ ನಿಂತಿರುತ್ತಾನೆ. ನನಗೆ ಒಂದು ಕ್ರೀಡಾ ಹಾಸ್ಟೆಲ್ಲಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೂ ಕುರ್ಚಿ ಇದೆ, ಅದರ ಮೇಲೆ ಒಬ್ಬರು ಇದ್ದಾರೆ. ಅವರಿಗೆ ನನ್ನನ್ನು ಕಂಡರೆ ಅಷ್ಟಕ್ಕಷ್ಟೇ. ಪರವಾಗಿಲ್ಲ.

ಕೆಲಸಕ್ಕೆ ಸೇರಿದ ಎರಡನೆಯ ಬೇಸಿಗೆಯಲ್ಲಿ ಸರ್ ಅವರ ಹೆಂಡತಿ ಫೋನು ಮಾಡಿದರು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. "ನಿನ್ನ ಕರೀತಾರ ಬಾ," ಎಂದರು, ಅಷ್ಟೇ. ಹೋದೆ. ಸರ್ ಜಿಲ್ಲಾಸ್ಪತ್ರೆಯ ಹಾಸಿಗೆಯಲ್ಲಿದ್ದರು. ಯಂತ್ರಕ್ಕೆ ಹಾಕಿದೊಡನೆ ರಕ್ತದೊತ್ತಡ ಕುಸಿಯುತ್ತಿತ್ತು, ಹೃದಯ ದಣಿದಿತ್ತು. ಇನ್ನು ಯಂತ್ರದಿಂದ ಹಿಂಸೆಯೇ ಹೊರತು ಲಾಭವಿಲ್ಲ, ಮುಂದಿನದು ನೀವೇ ನಿರ್ಧರಿಸಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಕ್ಕ ಹುಬ್ಬಳ್ಳಿಗೆ ಒಯ್ಯುತ್ತೇನೆ, ಅಲ್ಲಿಯೂ ಆಗದಿದ್ದರೆ ಮುಂದೆ ಒಯ್ಯುತ್ತೇನೆ ಎಂದು ಹಟ ಹಿಡಿದಿದ್ದರು.

ಸರ್ ನನ್ನನ್ನು ಹತ್ತಿರ ಕರೆದರು. ದನಿ ಉಸಿರಿನಷ್ಟೇ ಇತ್ತು. "ನನಗ ಸಾಕಾಗೈತಿ ಶರಣಮ್ಮ. ನಾ ಹೇಳಿದ್ರ ಆಕಿ ಕೇಳವಲ್ಲಳು. ನಿನಗ ಹೇಳಾಕ ಬರ್ತೈತಿ. ನೀ ಹೇಳು."

"ನನ್ನ ಕೈಲಿ ಆಗಂಗಿಲ್ರಿ ಸರ್," ಎಂದೆ.

"ನಾ ಕಲಿಸೀನಲ್ಲ," ಎಂದರು.

ಅಕ್ಕ ಹೊರಗೆ ವರಾಂಡದಲ್ಲಿ ಕುರ್ಚಿಯ ಮೇಲೆ ಕುಳಿತಿದ್ದರು. ಮಡಿಲಲ್ಲಿ ಹುಬ್ಬಳ್ಳಿಗೆ ಒಯ್ಯಲು ಕಟ್ಟಿದ ಬಟ್ಟೆಯ ಚೀಲವಿತ್ತು. ಅವರ ಎದುರು ಹೋಗಿ ನಿಂತೆ. ಸಾವಿರ ಜನರ ಸೀಟಿಯ ನಡುವೆ ಬಂದಿದ್ದ ಮಾತು ಅಲ್ಲಿ ಬರಲೊಲ್ಲದು.  ಆಮೇಲೆ, "ಅಕ್ಕಾ, ನಿಲ್ಲಸ್ರಿ. ಸಾಕು. ಅವರನ್ನ ಮನಿಗೆ ಕರಕೊಂಡು ಹೋಗೂನು," ಎಂದೆ. ಅಕ್ಕ ಚೀಲವನ್ನು ಅವಚಿಕೊಂಡು ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಅದನ್ನು ನೆಲಕ್ಕೇ ಹೇಳಿದ್ದೆ. ಒಳಗೆ ಮಲಗಿದ್ದ ಸರ್ ಈ ಸಲ ಬೈಯಲಿಲ್ಲ.

ಯಲಬುರ್ಗಾ ಕಡೆಯ ಅವರ ಊರಿಗೆ ಕರೆದುಕೊಂಡು ಹೋದೆವು. ಅಂಗಳದ ಬೇವಿನ ಕೆಳಗೆ ಮಂಚ ಹಾಕಿಸಿಕೊಂಡರು. "ಈಗ ನೀರು ಕೊಡು," ಎಂದು ಅಕ್ಕನಿಗೆ ಹೇಳಿದರು. ಅಕ್ಕ ಅಭ್ಯಾಸದಂತೆ ಆ ಸಣ್ಣ ಲೋಟ ತಂದರು. ಸರ್ ತಲೆಯಾಡಿಸಿದರು. ಅಕ್ಕ ಒಳಗೆ ಹೋಗಿ ದೊಡ್ಡ ತಾಮ್ರದ ಚರಿಗೆಯ ತುಂಬ ನೀರು ತಂದು ತಲೆ ಎತ್ತಿ ಹಿಡಿದು ಕುಡಿಸಿದರು. ಸರ್ ತಡೆತಡೆದು ಕುಡಿದರು, ಎದೆಯ ಮೇಲೆಲ್ಲ ಚೆಲ್ಲಿಕೊಂಡು, ಕಣ್ಣು ಮುಚ್ಚಿಕೊಂಡು, ಬೇಕಾದಷ್ಟು ಕುಡಿದರು. ನಾವು ಯಾರೂ ಮುಖ ತಿರುಗಿಸಲಿಲ್ಲ.

ನಾನು ಅಂದೇ ಕೆಲಸಕ್ಕೆ ಮರಳಬೇಕಿತ್ತು. ಅವರು ತೀರಿಕೊಂಡ ಸುದ್ದಿ ಬಂದದ್ದು ಆ ವಾರದ ಕೊನೆಗೆ. ಅಂದು ಹೊರಡುವ ಮೊದಲು ಮಂಚದ ಕಾಲುದೆಸೆಗೆ ಬಂದು, ಎರಡೂ ಕೈಗಳಿಂದ ಪಾದ ಹಿಡಿದು, ಹಣೆ ಮುಟ್ಟಿಸಿ ನಮಸ್ಕಾರ ಮಾಡಿದೆ. ಎದ್ದು ನೋಡಿದಾಗ ಆ ಊದಿದ ಪಾದಗಳ ಮೇಲೆ ನನ್ನ ಬೆರಳುಗಳೆಲ್ಲ ಗುಳಿಯಾಗಿ ಉಳಿದಿದ್ದವು. ತುಂಬುವ ತನಕ ನಿಲ್ಲಬೇಕೆಂದುಕೊಂಡೆ, ನಿಂತೆ. ಬಸ್ಸಿಗೆ ಹೊತ್ತಾಯಿತೆಂದು ಅಕ್ಕ ಎರಡು ಸಲ ಹೇಳಿದರು. ನಾನು ಹೊರಟಾಗಲೂ ಅವು ಹಾಗೇ ಇದ್ದವು.